ಅಮ್ಮಣ್ಣಿಯ ಆಯಸ್ಸು

ಗಾಜಿನ ತೊಟ್ಟಿಯಲ್ಲಿ ನೀರು ಒಂದು ಬೆರಳಿನಷ್ಟು ಇಳಿದಿತ್ತು. ಆದದ್ದು ಇಷ್ಟೇ. ನೀರು ಇಳಿದದ್ದಕ್ಕೆ ನೊರೆ ತೆಗೆಯುವ ಯಂತ್ರದ ಬಾಯಿ ಅರ್ಧ ಮೇಲೆ ಬಂದು, ಗಂಟಲಲ್ಲಿ ಕಫ ಕಟ್ಟಿದ ಮುದುಕನ ಹಾಗೆ ಗೊರ ಗೊರ ಎನ್ನತೊಡಗಿತು. ಕಾಫಿ ಲೋಟ ಹಿಡಿದು ನಿಂತಿದ್ದ ಅಳಿಯ ಕಾಫಿ ಚೆಲ್ಲಿಕೊಂಡ.

ಆ ಕಟ್ಟಡದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಅಳಿಯ ಎಂದು. ಮನೆಗೆ ಬಾಡಿಗೆ ಕಟ್ಟುವವನು ಅವನು, ಬಾಗಿಲ ಮೇಲಿನ ಹೆಸರೂ ಅವನದೇ. ಕನ್ನಡಕದಂಗಡಿಯಲ್ಲಿ ದಿನವಿಡೀ ಗಾಜು ತೇದು ಚೌಕಟ್ಟಿಗೆ ಕೂರಿಸುವ ಮರ್ಯಾದಸ್ಥ. ಆದರೆ ಅತ್ತೆ ತೀರಿಕೊಂಡ ಮೇಲೆ ಮಾವ ಒಂದು ಸೂಟ್‌ಕೇಸು, ಆಳುದ್ದದ ಒಂದು ಗಾಜಿನ ತೊಟ್ಟಿ ಸಮೇತ ಬಂದಿಳಿದರಲ್ಲ, ಅಂದಿನಿಂದ ಆ ಮನೆ ‘ಮೀನಿನವರ ಮನೆ’ಯಾಯಿತು, ಅವನು ಅಳಿಯನಾದ.

ತೊಟ್ಟಿಗೆ ಜಾಗ ಬೇಕೆಂದು ಸೋಫಾ ಹೋಯಿತು. ಹೊಗೆ ಆಗದು ಎಂದು ಸೊಳ್ಳೆಬತ್ತಿ ಹೋಯಿತು. ಎಣ್ಣೆಯ ಜಿಡ್ಡು ನೀರಿನ ಮೇಲೆ ಕೂರುತ್ತದೆಂದು ಕರಿದ ತಿಂಡಿ ಹೋಯಿತು. ನೀರು ಬೇಗ ಆರುತ್ತದೆಂದು ಫ್ಯಾನು ತಿರುಗುವುದೂ ನಿಂತಿತು. ಅಳಿಯ ತನ್ನದೇ ಮನೆಯಲ್ಲಿ ತುದಿಗಾಲಲ್ಲಿ ಓಡಾಡುವುದನ್ನು ಕಲಿತ. ಮಾವ ಯಾವಾಗ ಹೊರಡುತ್ತಾರೆ ಎಂದು ಹೆಂಡತಿಯನ್ನು ಒಮ್ಮೆಯೂ ಕೇಳಿದವನಲ್ಲ. ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಆಕಳಿಸಿ ಸುಮ್ಮನಾಗುತ್ತಿದ್ದ.

ತೊಟ್ಟಿಯ ತುಂಬ ಹವಳ. ಗುಲಾಬಿ, ಹಸಿರು, ನೇರಳೆ ಬಣ್ಣದವು ಗಡಿಯಾರಕ್ಕೆ ಸರಿಯಾಗಿ ಅರಳಿ ಮುದುಡುತ್ತಿದ್ದವು. ಅವುಗಳ ನಡುವೆ ಇದ್ದದ್ದು ಒಂದೇ ಒಂದು ಮೀನು, ಅಮ್ಮಣ್ಣಿ. ಅಂಗೈಯಗಲ, ಚಪ್ಪಟೆ ಮೈ, ಮೂತಿಯಿಂದ ಬಾಲದವರೆಗೆ ನಿಂಬೆಹಣ್ಣಿನ ಹಳದಿ. ಅತ್ತೆ ಆಸೆಪಟ್ಟು ಸಾಕಿದ್ದ ಸಮುದ್ರದ ಮೀನು. ಮಾವ ದಿನಾ ಬೆಳಿಗ್ಗೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು ಪೇಪರು ಓದಿ ಹೇಳುತ್ತಿದ್ದರು. ಅಳಿಯನ ಜೊತೆ ಅವರು ಒಂದು ವರ್ಷದಲ್ಲಿ ಆಡುವ ಮಾತು ಅಮ್ಮಣ್ಣಿಗೆ ಒಂದು ಬೆಳಿಗ್ಗೆ ಸಿಗುತ್ತಿತ್ತು.

ಮೊನ್ನೆ ಮಾವನಿಗೆ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ರಕ್ತನಾಳದೊಳಗೆ ಸ್ಪ್ರಿಂಗು ಕೂರಿಸಿದರು. ಇವತ್ತು ಸಂಜೆ ಮನೆಗೆ ಕಳಿಸುತ್ತೇವೆ, ಆದರೆ ಮನಸ್ಸಿಗೆ ಯಾವ ಆಘಾತವೂ ಆಗಕೂಡದು ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಅಲ್ಲೇ ಇದ್ದಳು. ಅಳಿಯ ಅಂಗಡಿಗೆ ರಜೆ ಹಾಕಿ ಮೀನು ಕಾಯುತ್ತಿದ್ದ. ಸ್ಟ್ರೆಚರಿನ ಮೇಲೆ ಮಲಗಿದ್ದ ಮಾವ ಅವನ ಕೈ ಹಿಡಿದು ಹೇಳಿದ್ದರು: “ಅಳಿಯಂದ್ರೇ, ಅಮ್ಮಣ್ಣಿ ನಿಮ್ಮ ಕೈಲಿ. ನೀರು ಇಳಿದ್ರೆ ಬಿಳೀ ಕ್ಯಾನಿಂದ ಹಾಕಿ.”

ಅವನು ಬಿಳಿ ಕ್ಯಾನಿನಿಂದಲೇ ಹಾಕಿದ. ಗೊರ ಗೊರ ನಿಂತಿತು. ಕತೆ ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ಆ ಸದ್ದು ಎದುರುಮನೆಗೆ ಕೇಳಿಸಿತ್ತು. ಎದುರುಮನೆಯಲ್ಲಿದ್ದವರು ನಿವೃತ್ತ ನರ್ಸಮ್ಮ. ಎಲ್ಲಿ ಯಾರ ಗಂಟಲು ಕಟ್ಟಿದರೂ ಬಾಗಿಲು ತಟ್ಟದೆ ಒಳಗೆ ಬರುವ ಹಕ್ಕು ತಮಗುಂಟು ಎಂದು ನಂಬಿದವರು. ಅವರ ಹಿಂದೆಯೇ ಮೇಲ್ಮನೆಯ ವಿಮಾ ಏಜೆಂಟ್ ಇಳಿದು ಬಂದ. ಇಬ್ಬರಲ್ಲಿ ಯಾರಿಗೆ ಒಂದು ಗುಟ್ಟು ಹೇಳಿದರೂ ಕಟ್ಟಡದ ಕಾವಲುಗಾರನಿಗೆ ಅದು ತಲುಪಲು ಲಿಫ್ಟು ಇಳಿಯುವಷ್ಟು ಹೊತ್ತೂ ಬೇಕಿರಲಿಲ್ಲ.

“ಏನಾಯ್ತು, ಅಳಿಯಂದ್ರೇ? ಯಾರಿಗೆ ಉಬ್ಬಸ?”

“ಏನಿಲ್ಲಮ್ಮ, ನೀರು ಇಳಿದಿತ್ತು. ಹಾಕ್ದೆ.”

ಏಜೆಂಟ್ ಬಿಳಿ ಕ್ಯಾನಿನೊಳಗೆ ಬೆರಳದ್ದಿ ನಾಲಿಗೆಗಿಟ್ಟುಕೊಂಡ. ಅವನ ಮುಖ ಸಾವಿನ ಸುದ್ದಿ ಕೇಳಿದಂತಾಯಿತು. “ಸಪ್ಪೆ ನೀರು ಸ್ವಾಮಿ ಇದು! ಸಮುದ್ರದ ಮೀನಿಗೆ ಸಪ್ಪೆ ನೀರಾ?”

“ಮಾವ ಇದೇ ಹಾಕಿ ಅಂದಿದ್ರು…”

“ಎದೆನೋವಲ್ಲಿ ಇದ್ದೋರು ಏನೋ ಹೇಳಿರ್ತಾರೆ,” ಎಂದರು ನರ್ಸಮ್ಮ. ಅವರು ಗಾಜಿಗೆ ಮೂಗು ಒತ್ತಿದರು. ಮೂರು ಮುಖಗಳು ಒಟ್ಟಿಗೆ ಬಗ್ಗಿದ್ದನ್ನು ನೋಡಿ ಹೆದರಿದ ಅಮ್ಮಣ್ಣಿ ಬಂಡೆಯ ಹಿಂದೆ ಅವಿತುಕೊಂಡಿತು. “ನೋಡಿ, ಆಗ್ಲೇ ಮೂಲೆ ಸೇರ್ತು. ರೋಗಿ ಗೋಡೆ ಕಡೆ ತಿರುಗಿದ್ರೆ ನಮಗೆ ಗೊತ್ತಾಗ್ಬಿಡುತ್ತೆ. ಸಲೈನ್ ಕೊಡ್ಬೇಕು.”

ಅಳಿಯ ಬೇಡ ಎಂದ. ಅಷ್ಟು ಜೋರಾಗಿ ಅನ್ನಲಿಲ್ಲ. ಅವನು ಯಾವುದನ್ನೂ ಅಷ್ಟು ಜೋರಾಗಿ ಅಂದವನಲ್ಲ. ನರ್ಸಮ್ಮ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದರು. ಒಂದು ಹಿಡಿ, ಎರಡು ಹಿಡಿ. “ದೊಡ್ಡ ತೊಟ್ಟಿ, ಜಿಪುಣತನ ಮಾಡ್ಬೇಡಿ,” ಎಂದು ಏಜೆಂಟ್ ಡಬ್ಬಿಯನ್ನೇ ಬೋರಲು ಹಾಕಿದ.

ಉಪ್ಪು ಬಂಡೆಗಳ ಮೇಲೆ ಬಿಳಿಯಾಗಿ ಇಳಿಯಿತು. ಅರಳಿದ್ದ ಹವಳಗಳು ಬೆಂಕಿ ತಾಗಿದಂತೆ ಒಳಕ್ಕೆ ಸೆಳೆದುಕೊಂಡವು. ಅಮ್ಮಣ್ಣಿ ಒಮ್ಮೆಲೇ ಹೊರಗೆ ಚಿಮ್ಮಿ, ಗಾಜಿಗೆ ಬಡಿದು, ಬಾಗಿಲು ಹುಡುಕುವವರಂತೆ ಆ ಮೂಲೆಯಿಂದ ಈ ಮೂಲೆಗೆ ಓಡಿತು.

“ಚೇತರಿಸ್ಕೊಳ್ತು!” ಎಂದ ಏಜೆಂಟ್.

ಕಾಲುಗಂಟೆಯಲ್ಲಿ ಅದು ಓರೆಯಾಗಿ ತೇಲತೊಡಗಿತು. ಕಿವಿರು ಪಟಪಟ ಹೊಡೆದುಕೊಳ್ಳುತ್ತಿತ್ತು. “ಉಪ್ಪು ಜಾಸ್ತಿಯಾಯ್ತು, ತೆಳು ಮಾಡಿ,” ಎಂದು ನರ್ಸಮ್ಮನ ಅಪ್ಪಣೆಯಾಯಿತು. ಅಳಿಯ ಹುಚ್ಚು ಹಿಡಿದವನಂತೆ ಬಚ್ಚಲಿಗೂ ಹಾಲ್‌ಗೂ ಓಡಾಡಿ ತೊಟ್ಟಿಯ ನೀರು ಮೊಗೆದು ಚೆಲ್ಲಿ, ಬಕೆಟ್ಟಿನ ಮೇಲೆ ಬಕೆಟ್ಟು ನಲ್ಲಿನೀರು ಸುರಿದ. ಆ ನೀರಿಗೆ ಕ್ಲೋರಿನ್ ಔಷಧಿಯ ಘಾಟು ಇತ್ತು. ಕೊನೆಯ ಬಕೆಟ್ಟು ತರುವಷ್ಟರಲ್ಲಿ ಅಮ್ಮಣ್ಣಿ ತಳದ ಮರಳಿನ ಮೇಲೆ ಮಗ್ಗುಲಾಗಿ ಮಲಗಿತ್ತು. ಹಳದಿ ಬಣ್ಣ ಅಲ್ಲಲ್ಲಿ ಕಂದಿ, ತೊಳೆದು ತೊಳೆದು ಸವೆದ ಬಟ್ಟೆಯಂತಾಗಿತ್ತು. ಕಣ್ಣು ತೆರೆದೇ ಇತ್ತು. ಆ ಕಣ್ಣಿಗೆ ಮುಚ್ಚಲು ರೆಪ್ಪೆಯೇ ಇಲ್ಲ ಎಂಬುದು ಅಳಿಯನಿಗೆ ಹೊಳೆದದ್ದು ಆಗಲೇ.

ಅವನು ತೋಳು ಮುಳುಗಿಸಿ ಅದನ್ನು ಎತ್ತಿಕೊಂಡ. ಎಷ್ಟು ಹಗುರ! ಇಷ್ಟು ಹಗುರವಾದ ಜೀವಕ್ಕಾಗಿ ಇಷ್ಟು ವರ್ಷ ಬೆವರಿದೆನಲ್ಲ ಎಂದು ಅನ್ನಿಸಿತು. ಆದರೂ ಅಳು ಬಂತು. ಅಮ್ಮಣ್ಣಿಗಾಗಿಯೋ ಮಾವನ ಎದೆಯೊಳಗಿನ ಸ್ಪ್ರಿಂಗಿಗಾಗಿಯೋ ಅವನಿಗೇ ತಿಳಿಯಲಿಲ್ಲ.

ನರ್ಸಮ್ಮ ಅವನ ಕೈಯಿಂದ ಅದನ್ನು ತೆಗೆದುಕೊಂಡು, ಹತ್ತಿಯಲ್ಲಿ ಸುತ್ತಿ, ಕಕ್ಕಸಿನ ಕಡೆ ನಡೆದರು. ಏಜೆಂಟ್ ತಲೆ ತಗ್ಗಿಸಿ ನಿಂತ. ನೀರು ಧುಮ್ಮಿಕ್ಕಿದ ಸದ್ದು ಕೇಳಿತು. ಆಮೇಲೆ ಏಜೆಂಟ್ ಮೆಲ್ಲಗೆ, “ನಿಮ್ದು ಪಾಲಿಸಿ ಏನಾದ್ರೂ ಇದ್ಯಾ?” ಎಂದು ಕೇಳಿದ.

“ಮಾವ ನೋಡಿದ್ರೆ ಅಲ್ಲೇ ಕುಸೀತಾರೆ,” ಎಂದ ಅಳಿಯ. “ಕೊಲೆ ಆಗುತ್ತೆ. ಕೊಲೆ ಮಾಡಿದ್ದು ನಾವು ಮೂರು ಜನ.”

ಕೊಲೆ ಎಂಬ ಮಾತಿಗೆ ಇಬ್ಬರೂ ಬೆಚ್ಚಿದರು. ಅಂಥದ್ದೇ ಇನ್ನೊಂದು ತಂದು ಬಿಡೋಣ, ಹಳದಿ ಮೀನು ಎಲ್ಲಾ ಹಳದಿಯೇ ತಾನೇ, ಎಂದ ಏಜೆಂಟ್. ಅವನ ಸ್ಕೂಟರಿನಲ್ಲಿ ಇಬ್ಬರೂ ಮೀನಿನಂಗಡಿಗೆ ಹೋದರು.

ಅಂಗಡಿಯವನು ಎಲ್ಲವನ್ನೂ ಕಣ್ಣುಮುಚ್ಚಿ ಕೇಳಿಸಿಕೊಂಡ. “ಆರೋದು ನೀರು, ಉಪ್ಪು ತೊಟ್ಟಿಯಲ್ಲೇ ಇರುತ್ತೆ. ಅದಕ್ಕೇ ಸಪ್ಪೆ ನೀರು ಹಾಕೋದು,” ಎಂದ. “ನಿಮ್ಮ ಮಾವ ಸರಿಯಾಗೇ ಹೇಳಿದ್ರು.”

ಏಜೆಂಟ್ ಚಾವಣಿ ನೋಡತೊಡಗಿದ.

ಅಂಗಡಿಯಲ್ಲಿ ಅಂಥ ಹಳದಿ ಮೀನು ಇದ್ದದ್ದು ಒಂದೇ. ಅಮ್ಮಣ್ಣಿಗಿಂತ ಒಂದು ಉಗುರಿನಷ್ಟು ಚಿಕ್ಕದು. ಅಳಿಯ ತಿಂಗಳ ಸಂಬಳದಲ್ಲಿ ಉಳಿದದ್ದನ್ನೆಲ್ಲ ಸುರಿದು ಅದನ್ನು ಕೊಂಡ. ಜೊತೆಗೆ ಹದ ಮಾಡಿದ ಉಪ್ಪುನೀರಿನ ಕ್ಯಾನುಗಳು. ಅಂಗಡಿಯವನು ತೊಟ್ಟಿಯ ನೀರನ್ನು ಹೇಗೆ ಬದಲಿಸಬೇಕು, ಮೀನನ್ನು ಹೇಗೆ ಚೀಲದ ಸಮೇತ ತೇಲಿಬಿಟ್ಟು ಹನಿಹನಿಯಾಗಿ ಹೊಸ ನೀರಿಗೆ ಒಗ್ಗಿಸಬೇಕು ಎಂದು ಎರಡೆರಡು ಸಲ ಹೇಳಿ, “ಇವರನ್ನ ಮಾತ್ರ ಹತ್ರ ಬಿಟ್ಕೋಬೇಡಿ,” ಎಂದು ಏಜೆಂಟನ ಕಡೆ ಗಲ್ಲ ತೋರಿಸಿದ.

ಹಿಂದಿನ ಸೀಟಿನಲ್ಲಿ ಅಳಿಯ ನೀರಿನ ಚೀಲವನ್ನು ಅಂಗಿಯೊಳಗೆ ಅವುಚಿಕೊಂಡು, ತುಂಬು ಬಸುರಿಯಂತೆ ಕೂತಿದ್ದ. ಪ್ರತಿ ಹಳ್ಳಕ್ಕೂ “ಮೆಲ್ಲಗೆ, ಮೆಲ್ಲಗೆ” ಎಂದು ನರಳುತ್ತಿದ್ದ. ದಾರಿಯಲ್ಲಿ ಪೊಲೀಸಿನವನೊಬ್ಬ ಅವನ ಮುಖ ನೋಡಿ, ಆಸ್ಪತ್ರೆ ಎಡಕ್ಕಿದೆ ಎಂದು ತಾನಾಗಿಯೇ ಕೈ ತೋರಿಸಿದ.

ಮನೆಯಲ್ಲಿ ಅಳಿಯ ಮೊದಲ ಸಲ ಬಾಗಿಲಿಗೆ ಚಿಲಕ ಹಾಕಿದ. ನೆಟ್ಟಗೆ ನಿಲ್ಲಲಾರದಷ್ಟು ಸೊಂಟ ನೋಯುವ ತನಕ ನೀರು ಹೊರಗೆಳೆದು, ಹೊಸದು ತುಂಬಿದ. ಚೀಲ ತೇಲಿಬಿಟ್ಟು, ಚಮಚದಲ್ಲಿ ನೀರು ಹನಿಸುತ್ತಾ, ಎಳೆಗೂಸಿಗೆ ಹಾಲು ಕುಡಿಸುವವನಂತೆ ಕೂತ. ಸಂಜೆಯ ಹೊತ್ತಿಗೆ ಮೀನು ಚೀಲದಿಂದ ಹೊರಬಂದು, ತೊಟ್ಟಿಯನ್ನು ಒಂದು ಸುತ್ತು ಹಾಕಿ, ಬಂಡೆಗೆ ಬಾಯಿ ಹಚ್ಚಿತು. ಅಳಿಯನ ಜೀವಮಾನದಲ್ಲಿ ಯಾರೂ ಏನನ್ನೂ ಅಷ್ಟು ಸೊಗಸಾಗಿ ತಿಂದದ್ದನ್ನು ಅವನು ನೋಡಿರಲಿಲ್ಲ.

ಚಿಲಕ ತೆಗೆದು ಇಬ್ಬರನ್ನೂ ಒಳಗೆ ಕರೆದ. “ಈ ಮಾತು ಹೊರಗೆ ಬಿದ್ರೆ ಮಾವ ಉಳಿಯಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ. ಯಾರು ಕೇಳಿದ್ರೂ, ನಾನೇ ಕೇಳಿದ್ರೂ, ಏನೂ ಆಗಿಲ್ಲ.”

“ನನ್ನ ತುಟಿ ಹೊಲಿದಿದೆ ಅಂದ್ಕೊಳ್ಳಿ,” ಎಂದರು ನರ್ಸಮ್ಮ. ಏಜೆಂಟ್ ಎದೆಯ ಮೇಲೆ ಕೈಯಿಟ್ಟ. ಅವರ ಮಾತನ್ನು ನಂಬಲು ಅಳಿಯನಿಗೆ ಧೈರ್ಯ ಸಾಲಲಿಲ್ಲ.

ಮಗಳ ಹೆಗಲು ಹಿಡಿದು ಮಾವ ಬಂದರು. ಎರಡೇ ದಿನಕ್ಕೆ ಅಂಗಿ ದೊಡ್ಡದಾಗಿತ್ತು. ಯಾರನ್ನೂ ಮಾತಾಡಿಸದೆ ನೇರ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂತರು. ಎದುರುಮನೆ, ಮೇಲ್ಮನೆ ಎರಡೂ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದವು. ಹಳದಿ ಮೀನು ಗಾಜಿನ ಹತ್ತಿರ ಬಂತು.

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ಅವರ ಕಣ್ಣಿಂದ ನೀರು ಇಳಿಯಿತು.

“ಖುಷಿ ಆಯ್ತಾ, ಅಪ್ಪ?” ಎಂದಳು ಮಗಳು.

“ಇನ್ನೂ ಇದ್ಯಲ್ಲೇ, ನೀನು,” ಎಂದರು ಮಾವ ಮೀನಿಗೆ. ದನಿಯಲ್ಲಿ ಖುಷಿಯ ಸುಳಿವೂ ಇರಲಿಲ್ಲ. “ಅಳಿಯಂದ್ರೇ, ನಿಮ್ಮ ಹತ್ರ ಮುಚ್ಚಿಡೋದೇನು? ನಿಮ್ಮತ್ತೆ ಪ್ರಾಣ ಬಿಡೋವಾಗ ಮಾತು ತಗೊಂಡಿದ್ಲು, ಇದು ಬದುಕಿರೋ ತನಕ ಪಕ್ಕದಿಂದ ಕದಲಬೇಡಿ ಅಂತ. ನನಗೂ ಸಾಕಾಗಿದೆ. ಇದನ್ನ ನೋಡಿದಾಗೆಲ್ಲಾ ಅವಳು ಮತ್ತೆ ಸಾಯ್ತಾಳೆ. ಬೆಟ್ಟದ ಮೇಲಿರೋ ನನ್ನ ತಂಗಿ ಎಷ್ಟು ಸಲ ಕರೆದ್ಲು, ಬಾ ಅಣ್ಣ, ಇಬ್ರೂ ಮುದುಕರು ಜೊತೆಗಿರೋಣ ಅಂತ. ಈ ತೊಟ್ಟಿ ಹೊತ್ಕೊಂಡು ಬೆಟ್ಟ ಹತ್ತೋಕಾಗುತ್ತಾ? ನನ್ನ ಕೈಯಾರೆ ಕೊಲ್ಲೋಕಾಗುತ್ತಾ?”

ಅವರು ಕಣ್ಣೊರೆಸಿಕೊಂಡರು. “ಸ್ಟ್ರೆಚರ್ ಮೇಲೆ ಮಲಗಿದ್ದಾಗ ಅನ್ನಿಸ್ತು, ಅಳಿಯಂದಿರ ಕೈಗೆ ಕೊಟ್ರೆ ಖಂಡಿತ ಹೋಗುತ್ತೆ, ಮಾತೂ ತಪ್ಪಿದ ಹಾಗಾಗಲ್ಲ. ಕ್ಷಮಿಸ್ಬಿಡಿ. ನಾಳೆ ಬರ್ತೀನಿ ಅಂತ ತಂಗಿಗೆ ಫೋನ್ ಕೂಡ ಮಾಡಿಸಿದ್ದೆ. ನೋಡಿದ್ರೆ ನೀವು ಇದಕ್ಕೆ ಹೊಸ ಕಳೆ ತಂದಿದ್ದೀರಿ. ಮೈ ಕೂಡ ಎಳೇದಾದ ಹಾಗಿದೆ.”

ಇಡೀ ದಿನದಲ್ಲಿ ಮೊದಲ ಬಾರಿಗೆ ಅಳಿಯ ಜೋರಾಗಿ ಮಾತಾಡಿದ.

“ಮಾವ, ಅದು ಸತ್ತೋಯ್ತು! ಅಮ್ಮಣ್ಣಿ ಬೆಳಿಗ್ಗೇನೇ ಸತ್ತೋಯ್ತು! ಇದು ಬೇರೆ ಮೀನು, ನಾನು ತಂದಿದ್ದು. ಬೇಕಾದ್ರೆ ಇವರನ್ನ ಕೇಳಿ!”

ಎಲ್ಲರೂ ಬಾಗಿಲ ಕಡೆ ತಿರುಗಿದರು. ನರ್ಸಮ್ಮನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

“ಏನೋಪ್ಪ, ನಮಗೇನೂ ಗೊತ್ತಿಲ್ಲ. ಮೀನು ಬೆಳಗಿಂದ ಗುಂಡುಕಲ್ಲಿನ ಹಾಗಿದೆ.”

“ಪಾಪ, ಅಳಿಯಂದ್ರು ನಿದ್ದೆಗೆಟ್ಟು ನೋಡ್ಕೊಂಡಿದ್ದಾರೆ,” ಎಂದ ಏಜೆಂಟ್. “ತಲೆ ಸ್ವಲ್ಪ ಬಿಸಿಯಾಗಿದೆ.”

“ಅಯ್ಯೋ, ಹೇಳ್ರೀ! ಉಪ್ಪು ಹಾಕಿದ್ದು ನೀವೇ ತಾನೆ? ಕಕ್ಕಸಿಗೆ ಹಾಕಿದ್ದು ನೀವೇ ತಾನೆ?” ಅಳಿಯ ಕೈ ಮುಗಿದ. ಆ ಇಬ್ಬರೂ ಬದುಕಿನಲ್ಲಿ ಮೊದಲ ಸಲ ಒಂದು ಗುಟ್ಟನ್ನು ಕಾಪಾಡುತ್ತಿದ್ದರು. ಆ ಹೆಮ್ಮೆ ಅವರ ಮುಖದಲ್ಲಿ ಹೊಳೆಯುತ್ತಿತ್ತು.

ಹೆಂಡತಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. “ಛೀ! ನಮ್ಮಪ್ಪ ತೊಲಗಲಿ ಅಂತ ಇಂಥಾ ಕತೆ ಕಟ್ತೀರಾ? ಆಸ್ಪತ್ರೆಯಿಂದ ಬಂದು ಇನ್ನೂ ಹತ್ತು ನಿಮಿಷ ಆಗಿಲ್ಲ.”

“ಬೈಬೇಡ ಅವರನ್ನ,” ಎಂದರು ಮಾವ. ಅವರು ಎದ್ದು ಬಂದು ಅಳಿಯನ ತಲೆ ಸವರಿದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವರಲ್ಲ. “ನನಗೆ ಬಿಡುಗಡೆ ಸಿಗ್ಲಿ ಅಂತ ಹೀಗೆ ಹೇಳ್ತಿದ್ದಾರೆ. ಎಂಥಾ ಮನಸ್ಸು! ಇಂಥಾ ಅಳಿಯನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ತಂಗಿಗೆ ಹೇಳ್ಬಿಡಮ್ಮ, ಬರಲ್ಲ ಅಂತ.”

ಅಳಿಯ ಬಾಯಿ ತೆರೆದ. ಆಕಳಿಕೆ ಬಂತು.

“ಡಾಕ್ಟರು ನನಗೆ ಭಾರ ಎತ್ತಬೇಡಿ ಅಂದಿದ್ದಾರೆ,” ಎಂದರು ಮಾವ. “ನಾಳೆಯಿಂದ ತೊಟ್ಟಿ ಪೂರ್ತಿ ನಿಮ್ಮ ಜವಾಬ್ದಾರಿ, ಅಳಿಯಂದ್ರೇ. ಮುಂಚೆ ಗೊತ್ತಿರಲಿಲ್ಲ, ಈ ವಿದ್ಯೆ ನಿಮ್ಮ ಕೈಲಿದೆ ಅಂತ.”

ಹೆಂಡತಿ ಫೋನು ಹಿಡಿದು ಒಳಗೆ ಹೋದಳು. ಗಾಜಿನ ಹಿಂದೆ ಎಳೆಯ ಮೀನು ಬಂಡೆಯ ಪಾಚಿಯನ್ನು ಒಂದೊಂದೇ ಬಾಯಿಯಾಗಿ ಮೇಯುತ್ತಿತ್ತು. ಅದಕ್ಕೆ ಯಾವ ಅವಸರವೂ ಇದ್ದಂತೆ ಕಾಣಲಿಲ್ಲ.