ಸೇತುವೆಯ ಮೇಲೆ ಹಾರಿದ ಕಾಗದ

ತಲ್ಲೂರು ಕ್ರೈಸ್ತ ಸಭೆಯಿಂದ ಬಿಷಪರಿಗೆ ಹೋಗುವ ಯಾವ ಕಾಗದಕ್ಕೂ ಸಭಾಪಾಲಕರ ಮೊಹರು ಬೇಕು. ಅಲ್ಲಿನ ಪಾಲಕರಾದ ಸುಧಾಕರ ಅಯ್ಯನವರು ಸಿಕ್ಕಿಬಿದ್ದದ್ದು ಈ ನಿಯಮದಲ್ಲಿ.

2004ರ ಮೇ ತಿಂಗಳ ಒಂದು ಬೆಳಿಗ್ಗೆ ಸಭೆಯ ಕಾರ್ಯದರ್ಶಿ ಭೋಜಣ್ಣ ಅಂಟಿಸಿದ ಲಕೋಟೆಯೊಂದನ್ನು ಅವರ ಮೇಜಿನ ಮೇಲಿಟ್ಟರು. ಭೋಜಣ್ಣ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ಬೆಂದ ಹಂಚನ್ನು ತಟ್ಟಿ ನೋಡುವಂತೆ ಪ್ರತಿ ಭಾನುವಾರದ ಪ್ರಸಂಗವನ್ನೂ ತಟ್ಟಿ, ಬಿರುಕು ಎಲ್ಲಿದೆ ಎಂದು ದೇವಾಲಯದ ಬಾಗಿಲಲ್ಲೇ ಹೇಳುವವರು.

"ಮೊಹರು ಹಾಕಿ ಅಯ್ಯನೋರೆ. ಒಳ್ಗೆ ಎಂತ ಇತ್ತ್ ಅಂದ್ ಕೇಂಬುಕಾಗ."

"ಎಷ್ಟು ಜನ ಸಹಿ ಮಾಡಿದ್ದಾರೆ?"

"ತೊಟ್ಲಲ್ಲಿಪ್ಪ ಮಕ್ಕಳ್ ಬಿಟ್ರೆ ಎಲ್ಲರೂ."

ಇದು ತಮ್ಮ ಮೇಲಿನ ದೂರೇ ಎಂದುಕೊಂಡರು ಅಯ್ಯನವರು. ಹೆಂಡತಿ ಸುಗುಣ ತೀರಿಕೊಂಡ ಮೇಲೆ ಎರಡು ವರ್ಷದಿಂದ ತಲ್ಲೂರಿನ ಆ ಮನೆಯಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲ. ಮಗಳು ಅಕ್ಷಿತಾ ಇರುವ ಬ್ರಹ್ಮಾವರಕ್ಕೆ ವರ್ಗ ಕೇಳಿದ್ದರು. ಮುಂದಿನ ವಾರ ಬಿಷಪರ ತೀರ್ಮಾನ. ದೂರು ಬಂದವರಿಗೆ ಕೇಳಿದ ಊರು ಸಿಗುವುದುಂಟೆ?

ಆದರೂ ಮೂವತ್ತು ವರ್ಷದ ಸೇವೆಯಲ್ಲಿ ಸಭೆಯ ಒಂದು ಕಾಗದವನ್ನೂ ಅವರು ತಡೆದವರಲ್ಲ. ಮೊಹರು ಒತ್ತಿದರು. "ಅಂಚೆಗೂ ನಾನೇ ಹಾಕುತ್ತೇನೆ" ಎಂದರು, ಸ್ವಲ್ಪ ಬಿಗುಮಾನದಿಂದಲೇ.

ಬಸ್ಸಿಗೆ ಕಾಯುವಾಗ ಸ್ತ್ರೀ ಸಂಘದ ಸರಸಕ್ಕ ಸಿಕ್ಕರು. "ಆ ಕಾಗ್ದವಾ? ನಾನೇ ಮೊದ್ಲ್ ಸಹಿ ಮಾಡದ್ದ್!" ಎಂದು ನಕ್ಕರು. ಆಕೆ ಆಸ್ಪತ್ರೆಯಲ್ಲಿದ್ದ ಹದಿನೇಳು ದಿನವೂ ಅಯ್ಯನವರು ಗಂಜಿ ಹೊತ್ತು ಹೋಗಿದ್ದರು.

ಬಸ್ಸಿನಲ್ಲಿ ಕಂಡಕ್ಟರ್ ಶೀನ ಟಿಕೇಟು ಹರಿಯುತ್ತಾ, "ನಾನೂ ಸಹಿ ಹಾಕಿದ್ದೆ ಅಯ್ಯನೋರೆ. ನಾ ನಿಮ್ಮ ಸಭೆಯವ ಅಲ್ಲ, ಆದ್ರೂ ಭೋಜಣ್ಣ ಬಿಡ್ಲಿಲ್ಲೆ" ಎಂದ.

ಕಂಡಕ್ಟರನೂ! ಅಯ್ಯನವರು ಕಿಟಕಿಗೆ ತಲೆ ಕೊಟ್ಟರು. ಸೇತುವೆಯ ಮೇಲೆ ಹೊಳೆಯ ಗಾಳಿ ನುಗ್ಗಿ, ಮಡಿಲಲ್ಲಿದ್ದ ಲಕೋಟೆ ಹೊರಗೆ ಹಾರಿತು.

"ಹೋಯ್ತ್, ಬಿಡಿ ಮಾರ್ರೆ" ಎಂದರು ಹಿಂದಿನ ಸೀಟಿನವರು.

ದೇವರೇ ತೆಗೆದುಕೊಂಡನಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆ ಗಳಿಗೆಗೆ ನಾಚಿ, "ನಿಲ್ಲಿಸಿ!" ಎಂದು ಪ್ರಸಂಗಪೀಠದಲ್ಲೂ ತೆಗೆಯದ ಸ್ವರ ತೆಗೆದರು. ಬಿಳಿ ಪಂಚೆ ಎತ್ತಿ ಕೊಕ್ಕರೆಯಂತೆ ಓಡಿದರು. ಚಪ್ಪಲಿ ಕಿತ್ತಿತು. ಲಕೋಟೆ ಸೇತುವೆಯ ಅಂಚಿನಿಂದ ಇನ್ನೇನು ನೀರಿಗೆ ಬೀಳಬೇಕೆನ್ನುವಾಗ ಅದರ ಮೇಲೆಯೇ ಬಿದ್ದರು. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು.

ಕುಂದಾಪುರದಲ್ಲಿ ಕಾಗದ ಹಾಕಿ, ಸಂಜೆ ಕುಂಟುತ್ತಾ ಮನೆಗೆ ಬಂದರು. ಮೊಣಕಾಲು ಉರಿಯುತ್ತಿತ್ತು, ತಲೆ ಮಾತ್ರ ಎತ್ತಿತ್ತು. ಸುಗುಣ ಇದ್ದಿದ್ದರೆ ಮೆಚ್ಚುತ್ತಿದ್ದಳು.

ಭೋಜಣ್ಣ ಗೇಟಿನಲ್ಲೇ ನಿಂತಿದ್ದರು. "ಹಾಕಿದ್ರಿಯಾ?"

"ಹಾಕಿದೆ. ನನ್ನ ಮೇಲಿನ ದೂರಾದರೂ ನಾನು ತಡೆಯುವವನಲ್ಲ."

"ಎಂತ ದೂರು ಮಾರ್ರೆ? ನೀವ್ ಬ್ರಹ್ಮಾವರ ಕೇಂಡದ್ದ್ ನಮ್ಗೆ ಗೊತ್ತಾಯ್ತ್. ನಮ್ಮ ಅಯ್ಯನೋರನ್ನ ನಿವೃತ್ತಿ ವರೆಗೂ ಇಲ್ಲೇ ಬಿಡಿ ಅಂದ್ ಬರ್ದದ್ದ್! ಏಳ್ ಅಯ್ಯನೋರನ್ನ ಕಂಡೆ ನಾನ್. ನನ್ ಮಾತ್ ನಿಂತ್ ಕೇಂಡವ್ರ್ ನೀವೊಬ್ರೇ." ಭೋಜಣ್ಣ ದೇವಾಲಯದ ಕಡೆ ಕೈ ತೋರಿಸಿದರು. "ಸುಗುಣಮ್ಮ ಕೂಕಂಬ ಜಾಗ್ದಲ್ಲಿ ಎರಡ್ ವರ್ಷದಿಂದ ಯಾರೂ ಕೂಕಣ್ಲಿಲ್ಲೆ. ಅದನ್ ಬಿಟ್ಟ್ ಎಲ್ಲಿಗ್ ಹೊರ್ಟದ್ದ್ ನೀವ್?"

ಅಯ್ಯನವರಿಗೆ ಎದೆ ತುಂಬಿ ಬಂತು. ಬ್ರಹ್ಮಾವರವೂ ಕಣ್ಣ ಮುಂದೆ ಬಂತು.

"ಬಿಷಪರು ಒಪ್ಪಬೇಕಲ್ಲ" ಎಂದರು, ಒಪ್ಪಲಿಕ್ಕಿಲ್ಲ ಎಂಬ ಸಣ್ಣ ಆಸೆಯಿಂದ.

"ಒಪ್ಪದೆ ಎಂತ? ಕಡೇ ಸಾಲಲ್ಲಿ ಬರ್ದಿತ್ತ್: ಇದಕ್ಕೆ ಅಯ್ಯನೋರ ಪೂರ್ಣ ಒಪ್ಗೆ ಇತ್ತ್, ಅವ್ರ ಮೊಹರು ಕಾಣಿ ಅಂದ್!"

ಅಯ್ಯನವರು ಮೆಟ್ಟಿಲ ಮೇಲೆ ಕುಸಿದು ಕೂತರು. ಭೋಜಣ್ಣನೂ ಪಕ್ಕದಲ್ಲಿ ಕೂತರು.

"ಕೂಕಂಡದ್ದ್ ಒಳ್ಳೇದಾಯ್ತ್. ಹೋದ್ ವಾರದ ಪ್ರಸಂಗ ಇತ್ತಲ್ದಾ, ಅದ್ರಲ್ಲಿ ಮೂರ್ ಬಿರ್ಕ್ ಇತ್ತ್..."