ಅಕ್ಕ ದೆಹಲಿಗೆ ಹೋಗಬೇಕೆ?

ದೇಶದ ಹಿತಕ್ಕಾಗಿ ಎಂದು ಹೇಳಿಕೊಂಡು ನಾನು ಮಾಡಿದ ಕೆಲಸವೆಲ್ಲ ನನ್ನ ಸ್ವಂತ ಹಿತಕ್ಕಾಗಿಯೇ ಆಗಿತ್ತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಥ ಕೆಲಸ ಬಹಳವಿಲ್ಲ, ಒಂದೇ ಒಂದು. ತಮಿಳುನಾಡಿನ ತೇನಿಯ ಕಣಿವೆಯಲ್ಲಿ, ಓಡೈಪಟ್ಟಿಗೆ ಕೂಗಳತೆಯಲ್ಲಿರುವ, ಮನೆಮಾತು ಕನ್ನಡವಾದ ನಮ್ಮೂರಿನ ಪಂಚಾಯ್ತಿ ಅಧ್ಯಕ್ಷೆ ಲಿಂಗಮ್ಮ ನನ್ನ ಒಡಹುಟ್ಟಿದ ಅಕ್ಕ. ದಿಂಡಿಗಲ್ಲಿನಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದ ನಾನು, ಹೆಂಡತಿಯೊಡನೆ ಊರಿಗೆ ಮರಳಿ ಅಕ್ಕನ ಮನೆಯ ಅರ್ಧ ಭಾಗದಲ್ಲಿದ್ದೇನೆ. ಮನೆ ಎರಡು ಭಾಗವಾದರೂ ಜಗಲಿ ಒಂದೇ. ನನ್ನ ಕಷ್ಟವೆಲ್ಲ ಆ ಜಗಲಿಯದು.

ಬೆಳಗಿನ ಆರಕ್ಕೆಲ್ಲ ಅಲ್ಲಿ ಅಕ್ಕನನ್ನು ಕಾಣಲು ಹದಿನೈದು ಜನ ಕೂತಿರುತ್ತಾರೆ. ನನ್ನ ಕುರ್ಚಿಯಲ್ಲಿ ಒಬ್ಬರು, ನನ್ನ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ ಇನ್ನೊಬ್ಬರು. ನನ್ನ ಹೆಂಡತಿ ಅವರಿಗೆಲ್ಲ ಕಾಫಿ ಕೊಟ್ಟು ಮುಗಿಸುವ ಹೊತ್ತಿಗೆ ಹಾಲೂ ಮುಗಿದಿರುತ್ತದೆ, ನನಗೆ ಕೊಡಬೇಕೆಂಬ ನೆನಪೂ ಮುಗಿದಿರುತ್ತದೆ. ಒಂದು ದಿನ ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟವನನ್ನು ಪರವೂರಿನವನೊಬ್ಬ ತಡೆದು, ಹಿರಿಯರೆಂಬ ಮರ್ಯಾದೆಯಿಂದಲೇ, “ಪೆರಿಯವರೇ, ಸಾಲಲ್ಲಿ ಬನ್ನಿ, ನಾವೂ ಕಾಯ್ತಿದ್ದೀವಿ” ಎಂದ. ನಾನು ಸಾಲಿನಲ್ಲಿ ನಿಂತೆ. ಕಚೇರಿಯ ಅಭ್ಯಾಸ.

ಅಕ್ಕನ ಜನಪ್ರಿಯತೆಗೆ ಕಾರಣ ಹುಡುಕಬೇಕಾಗಿಲ್ಲ. ಯಾವ ಬೀದಿಯ ನೀರಿನ ವಾಲ್ವು ಯಾವ ದಿನ ಕೈಕೊಡುತ್ತದೆಂದು ಅವಳಿಗೆ ಗೊತ್ತು. ನಮ್ಮವರ ಟೊಮೆಟೊವನ್ನು ಅಗ್ಗಕ್ಕೆ ಕೇಳಿದ ದಲ್ಲಾಳಿಯನ್ನು ಒಡ್ಡನ್‌ಛತ್ರಂ ಮಾರ್ಕೆಟ್ಟಿಗೇ ಹೋಗಿ ವಿಚಾರಿಸಿಕೊಂಡು ಬಂದವಳು. ಅಧಿಕಾರಿಗಳ ಹತ್ತಿರ ತಮಿಳಿನಲ್ಲಿ ವಿನಯವಾಗಿ ಕೇಳುತ್ತಾಳೆ. ಕೆಲಸವಾಗದಿದ್ದರೆ ಕನ್ನಡದಲ್ಲಿ ಬೈಯುತ್ತಾಳೆ. ಅವರಿಗೆ ಒಂದಕ್ಷರವೂ ತಿಳಿಯದು, ಆದರೂ ಕೆಲಸ ಆಗುತ್ತದೆ.

ಹೀಗಿರುವಾಗ ತೇನಿಯಿಂದ ಒಂದು ಪಕ್ಷದ, ನಮ್ಮ ಮಾತು ಬಲ್ಲ ಜಿಲ್ಲಾ ಮುಖಂಡರು ಕಾರಿನಲ್ಲಿ ಬಂದು, “ಅಕ್ಕ, ಈ ಸಲ ನೀವು ಪಾರ್ಲಿಮೆಂಟಿಗೆ ನಿಲ್ಲಬೇಕು” ಎಂದರು. ಅಕ್ಕ, “ಊರೋರ ಕೇಳಿ ಯೋಳ್ತೀನಿ ಸಾರ್” ಎಂದಳು. ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ ನನಗೆ ಮುಂದಿನ ಐದು ವರ್ಷ ಖಾಲಿಯಾಗಿ ಬಿದ್ದಿರುವ ಜಗಲಿ ಕಣ್ಣಮುಂದೆ ಬಂತು. ದೇಶಕ್ಕೆ ಅಕ್ಕನ ಅಗತ್ಯ ಎಷ್ಟಿದೆಯೆಂದು ನನಗೆ ಹೊಳೆದದ್ದು ಆ ಕ್ಷಣದಲ್ಲಿ.

ಮರುದಿನದಿಂದಲೇ ಪ್ರಚಾರಕ್ಕಿಳಿದೆ. ಮೊದಲ ವಾರ ಎಲ್ಲರೂ ಕುಣಿದರು. ಎರಡನೆಯ ವಾರ ಟೀ ಅಂಗಡಿಯಲ್ಲಿ ದ್ರಾಕ್ಷಿ ಬೆಳೆಯುವ ಬೊಮ್ಮಣ್ಣ ಲೋಟ ಕೆಳಗಿಟ್ಟು, “ಅಲ್ಲ ತಂಬಿ, ಅಕ್ಕ ಡೆಲ್ಲೀಲಿ ಕೂತ್ರೆ ನಮ್ ಬೀದಿಗೆ ನೀರ್ ಬುಡ್ಸೋರ್ ಯಾರು?” ಎಂದ.

“ಫೋನ್ ಮಾಡಿದ್ರಾಯ್ತಣ್ಣ.”

“ಫೋನ್ ಮಾಡಿದ್ರೆ ವಾಲ್ವು ತಿರುಗ್ತದಾ? ಅಕ್ಕ ಬಂದ್ ಮುಂದ್ಗಡೆ ನಿಂತ್ರೇ ತಿರುಗೋದು.”

“ಅಲ್ಲಿ ದೇಶಕ್ಕೇ ನೀರಿನ ಕಾನೂನು ಮಾಡ್ತಾರಣ್ಣ.”

“ಆಮಾ, ಮಾಡ್ಲಿ. ದೇಶದಲ್ ನಮ್ ಬೀದಿ ಎಲ್ಲಿರ್ತದೆ?”

ಅವನ ಟೀಗೆ ಕಾಸು ಕೊಟ್ಟು ಎದ್ದು ಬಂದೆ.

ಭಾನುವಾರ ಬೆಳಿಗ್ಗೆ ಊರ ಸಭೆಯೆಂದು ಗೊತ್ತಾಯಿತು. ಹಿಂದಿನ ಸಂಜೆ ಅಕ್ಕ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ಕೈಯಲ್ಲೊಂದು ಕಾಗದ. ಪಳನಿಯಿಂದಾಚೆ ಹೋಗಿ ಗೊತ್ತಿಲ್ಲದ ನನ್ನಕ್ಕ, ದಪ್ಪ ದಪ್ಪ ತಮಿಳು ಅಕ್ಷರದಲ್ಲಿ ಎಂಟು ಸಾಲು ಬರೆದಿದ್ದಳು: ಮಳೆಗೆ ದ್ರಾಕ್ಷಿ ಒಡೆದರೆ ಪರಿಹಾರ, ಕಣಿವೆಗೆ ಒಂದು ಶೈತ್ಯಾಗಾರ, ಹೆಣ್ಣುಮಕ್ಕಳ ಕಾಲೇಜಿಗೆ ಬಸ್ಸು, ಹೀಗೆ.

“ಮುತ್ತು, ನಂಗೆ ಆಯ್ತದಾ?” ಎಂದಳು. “ಅಲ್ಲೆಲ್ಲ ದೊಡ್ ದೊಡ್ಡೋರು. ಎದ್ ನಿಂತಾಗ ಕಾಲ್ ನಡುಗಿದ್ರೆ?”

“ನಿನ್ನ ನೋಡಿದರೆ ಅವರ ಕಾಲೇ ನಡುಗುತ್ತೆ ಅಕ್ಕ.”

“ಚುಮ್ಮಾ ಯೋಳ್ಬ್ಯಾಡ. ನಿಜ ಯೋಳು, ನಾ ಹೋಗ್ಬೇಕಂತ ನಿನ್ ಮನಸ್ನಲ್ಲೂ ಅದಾ?”

ನಾನು ಹೂಂ ಎಂದೆ. ಅವಳು ಕಣಿವೆಯ ಎಂಟು ಕಷ್ಟ ಬರೆದುಕೊಂಡು ಕೂತಿದ್ದಳು. ನನ್ನ ಪಟ್ಟಿಯಲ್ಲಿದ್ದುದು ಒಂದು ಕುರ್ಚಿ, ಒಂದು ಪತ್ರಿಕೆ, ಒಂದು ಲೋಟ ಕಾಫಿ. ಹುಟ್ಟಿದಮೇಲೆ ಮೊದಲ ಸಲ, ಅಕ್ಕ ನಿಜವಾಗಿಯೂ ಹೋಗಬೇಕೆಂದು ಅವಳಿಗಾಗಿಯೇ ಆಸೆಪಟ್ಟೆ.

ಸಭೆಯಲ್ಲಿ ಅಕ್ಕನನ್ನು ಹೊಗಳದವರಿಲ್ಲ. ಒಬ್ಬೊಬ್ಬರೂ ಎದ್ದು ಅವಳು ಮಾಡಿಕೊಟ್ಟ ಉಪಕಾರ ಹೇಳಿದರು, ಕಣ್ಣೊರೆಸಿಕೊಂಡರು, ಅದಕ್ಕೇ ಕಳಿಸುವುದಿಲ್ಲ ಎಂದು ಕೂತರು. ಇಷ್ಟು ಒಳ್ಳೆಯವರನ್ನು ದೆಹಲಿಗೆ ಕಳಿಸಿ ಹಾಳುಮಾಡಬಾರದೆಂಬುದರಲ್ಲಿ ಊರಿಗೆ ಊರೇ ಒಮ್ಮತ. ಅಕ್ಕ ಎಲ್ಲರ ಮುಖ ನೋಡಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡಳು. “ಸರಿ, ನಾ ಹೋಗಲ್ಲ” ಎಂದಳು. ಚಪ್ಪಾಳೆಯೋ ಚಪ್ಪಾಳೆ. ನಾನೊಬ್ಬ ತಟ್ಟಲಿಲ್ಲ.

ಅಲ್ಲೇ ಮುಖಂಡರಿಗೆ ಫೋನು ಮಾಡಿದಳು. “ಊರು ಬುಡಲ್ಲ ಅಂತದೆ ಸಾರ್. ಆದ್ರೆ ಯಾರನ್ನಾದ್ರೂ ನಿಲ್ಸಿ, ಓಟು ಕೇಳೋಕ್ ಬಂದಾಗ ಮೊದ್ಲು ನಮ್ ಕಾಗದ ಓದ್ಬೇಕು.” ಆ ಕಡೆಯವರು ಏನೋ ಕೇಳಿದರು. ಅಕ್ಕ ಫೋನಿಗೆ ಕೈ ಅಡ್ಡ ಹಿಡಿದು ಸಭೆಗೆ ಹೇಳಿದಳು: “ನಮ್ಮೂರಿಂದಲೇ ಬೇರೆ ಯಾರಾದ್ರೂ ಅವ್ರಾ ಅಂತ ಕೇಳ್ತಾರೆ.”

ಮುಂದಿನ ಸಾಲಿನ ವೀರಮ್ಮಜ್ಜಿ ಯೋಚಿಸಿ ಹೇಳಿತು: “ಊರಲ್ ಇದ್ರೂ ಇಲ್ದಿದ್ರೂ ಒಂದೇ ಅನ್ನೋ ಆಳಾದ್ರೆ ಕಳಿಸ್ಬೋದು.”

ಇಡೀ ಸಭೆ, ನನ್ನ ಹೆಂಡತಿಯೂ ಸೇರಿ, ನನ್ನ ಕಡೆ ತಿರುಗಿತು.

ನಾನು ಎದ್ದು ನಿಂತೆ. ಅಂಗಿ ಸರಿಮಾಡಿಕೊಂಡೆ. “ನನಗೆ ಅಧಿಕಾರದ ಆಸೆ ಇಲ್ಲ” ಎಂದೆ. ಅಷ್ಟು ಹೇಳಿದರೆ ಜನ ಒತ್ತಾಯಿಸುತ್ತಾರೆ, ಎರಡು ಸಲ ಬೇಡವೆಂದು ಮೂರನೆಯ ಸಲ ಒಪ್ಪಿಕೊಳ್ಳುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಜನ ಮೊದಲನೆಯ ಸಲಕ್ಕೇ ನಂಬಿಬಿಟ್ಟು, ಪಂಚೆ ಕೊಡವಿಕೊಂಡು ಎದ್ದರು. ಅಕ್ಕ ಕೈ ತೆಗೆದು ಫೋನಿನಲ್ಲಿ, “ಬೇರೆ ಯಾರೂ ಇಲ್ಲ ಸಾರ್” ಎಂದಳು.