ತಿರುಗಿ ಬಾರದ ಜರ್ಮನಿ ರೈಲಿಗೊಂದು ಅಹವಾಲು

ಜ್ಯೂರಿಕ್‌ನಿಂದ ಜರ್ಮನಿಯ ಕಡೆ ಹೊರಡುವ ಬೆಳಗಿನ ರೈಲಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಿಂದ ಮಧ್ವರಾಜನ ಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ಡಬ್ಬಿಗಳೂ ತಾವಾಗಿಯೇ ಮುಚ್ಚಿಕೊಳ್ಳುವ ತಮ್ಮ ಬಾಗಿಲುಗಳೂ ಕ್ಷೇಮವೆಂದು ನಂಬಿದ್ದೇನೆ. ನಂಬದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ರಾತ್ರಿಶಾಲೆಯನ್ನು ಅರ್ಧಕ್ಕೇ ಬಿಟ್ಟು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಾದ್ದರಿಂದ ಬರವಣಿಗೆಯ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಐರೋಲಿಯ ಐಟಿ ಕಂಪನಿಯಲ್ಲಿರುವ ಮಗಳು ಸುಮೇಧಾ ಈ ಬೇಸಿಗೆಯಲ್ಲಿ ನಮ್ಮಿಬ್ಬರನ್ನು ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿಗೆ ಕಳಿಸಿದಳು. ಒಂದು ದೇಶದಿಂದ ಇನ್ನೊಂದಕ್ಕೆ ವಿಮಾನವೋ ರೈಲೋ ಎಂಬ ಜಗಳ ನಮ್ಮ ಮನೆಯಲ್ಲಿ ಮಾವಿನಕಾಯಿ ಹಣ್ಣಾಗುವವರೆಗೂ ನಡೆಯಿತು. ಹೆಂಡತಿ ಸತ್ಯಭಾಮಾ ವಿಮಾನದ ಕಡೆ, ಆಕೆಗೆ ಮೋಡವನ್ನು ಮೇಲಿನಿಂದ ನೋಡಬೇಕು. ನಾನು ರೈಲಿನ ಕಡೆ, ಏಕೆಂದರೆ ಆಕಾಶದಲ್ಲಿ ಜೀವ ಗಾಬರಿಯಾದರೆ ಇಳಿದುಕೊಳ್ಳಲು ನಡುವೆ ನಮ್ಮ ಪಕ್ಕದ ಠಾಕುರ್ಲಿಯಂಥ ಒಂದು ಸಣ್ಣ ಸ್ಟೇಷನ್ ಕೂಡ ಇರುವುದಿಲ್ಲ. ತಮ್ಮೊಡನೆ ಮುಚ್ಚುಮರೆ ಏಕೆ, ಇನ್ನೊಂದು ಕಾರಣವೂ ಇತ್ತು: ಮದುವೆಯಾದಂದಿನಿಂದ ನಾವು ಒಂದೇ ಲೋಕಲ್ ಹಿಡಿದರೂ ಆಕೆ ಲೇಡೀಸ್ ಡಬ್ಬಿ, ನಾನು ಜನರಲ್, ಒಮ್ಮೆಯಾದರೂ ಕಿಟಕಿಯ ಪಕ್ಕ ಎದುರುಬದುರು ಕುಳಿತು ಹೋಗಬೇಕೆಂಬ ಆಸೆ. ಕೊನೆಗೆ ಆಕೆ, "ಆಯ್ತು ಮಾರಾಯ್ರೆ, ರೈಲೇ ಆಗ್ಲಿ. ಆದ್ರೆ ಎಲ್ಲಾದ್ರೂ ಗಡಿಬಿಡಿ ಮಾಡಿದ್ರೆ ಅಲ್ಲಿಂದ ಮುಂದೆ ವಿಮಾನ," ಎಂದಳು. ನಾನು ಒಪ್ಪಿದೆ.

ಜ್ಯೂರಿಕ್‌ನಲ್ಲಿ ಇಟಲಿಯ ಮಿಲಾನಿಗೆ ಹೋಗುವ ಗಾಡಿಗೆ ಕಾಯುತ್ತಿದ್ದ ಜನರನ್ನು ಕಂಡು ನನ್ನ ಎದೆ ಹಾರಿತು, ಏಕೆಂದರೆ ಸೀಟು ರಿಸರ್ವ್ ಮಾಡಬೇಕೆಂದು ಸುಮೇಧಾ ಬಡಕೊಂಡರೂ, ರೈಲಿನಲ್ಲಿ ಸೀಟು ಹಿಡಿಯುವುದನ್ನು ಡೊಂಬಿವಲಿಯವನಿಗೆ ಕಲಿಸುತ್ತೀಯಾ ಎಂದು ಅವಳ ಬಾಯಿ ಮುಚ್ಚಿಸಿದ್ದೆ. ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ತಾವು ಖಾಲಿಯಾಗಿ, ಉಲ್ಟಾ ದಿಕ್ಕಿಗೆ ಹೊರಡಲು ನಿಂತಿದ್ದಿರಿ. ನಮ್ಮಲ್ಲಿ ಮುಂಬಯಿಗೆ ಹೋಗುವವರು ಉಲ್ಟಾ ಗಾಡಿ ಹತ್ತಿ ಹಿಂದಿನ ಕಲ್ಯಾಣ ಸ್ಟೇಷನ್ನಿಗೆ ಹೋಗುತ್ತಾರೆ, ಅಲ್ಲಿ ಏಳದೆ ಕೂತರೆ ಅದೇ ಗಾಡಿ ತಿರುಗಿ ಮುಂಬಯಿಗೆ ಹೊರಡುತ್ತದೆ, ಸೀಟು ನಮ್ಮದೇ; ಇಷ್ಟು ಸರಳವಾದ ವ್ಯವಸ್ಥೆ ತಮ್ಮ ದೇಶಕ್ಕೆ ಗೊತ್ತಿಲ್ಲವೆಂದು ನಾನು ಹೇಗೆ ಊಹಿಸಲಿ?

ಹತ್ತಿ ನೋಡಿದರೆ ತಮ್ಮೊಳಗೆ ಕಿಟಕಿಯಂಥ ಕಿಟಕಿ, ಎದುರುಬದುರು ಸೀಟು. ಸತ್ಯಭಾಮಾ ಖಾರದ ಅವಲಕ್ಕಿ ಬಿಚ್ಚಿದಳು. ಮುಂದಿನ ಸ್ಟೇಷನ್ನಿನಲ್ಲಿ ಇದ್ದ ನಾಲ್ಕೈದು ಜನರೂ ಇಳಿದಾಗ, ಇದೇ ಇಲ್ಲಿಯ ಕಲ್ಯಾಣವೆಂದು ನಾನು ಊರು ಮೂಲ್ಕಿಯ ಜಮೀನಿನ ಕೇಸು ಗೆದ್ದವನಂತೆ ಕಾಲು ಚಾಚಿದೆ. ತಾವು ಮಾತ್ರ ತಿರುಗಲಿಲ್ಲ. ಎಷ್ಟು ಮೃದುವಾಗಿ, ಎಷ್ಟು ಸಮಯಪಾಲನೆಯಿಂದ ತಾವು ನಮ್ಮನ್ನು ತಪ್ಪು ದೇಶಕ್ಕೆ ಒಯ್ದಿರೆಂದು ಎಷ್ಟು ಹೊಗಳಿದರೂ ಕಡಿಮೆಯೇ! ಫೋನಿನಲ್ಲಿ ಮಗಳು, "ಪಪ್ಪಾ, ಆಪ್ ಲೋಗ್ ಜರ್ಮನಿ ಮೇ ಹೋ," ಎಂದು ಬಿದ್ದು ಬಿದ್ದು ನಕ್ಕಳು. ಸತ್ಯಭಾಮಾ ನಗಲಿಲ್ಲ. ಅವಲಕ್ಕಿಯ ಡಬ್ಬಿ ಮುಚ್ಚಿ, "ಇನ್ನು ವಿಮಾನ," ಎಂದಳು.

ಆದಕಾರಣ ನನ್ನ ವಿನಂತಿ: ತಾವು ಇನ್ನು ಮುಂದೆ ಎರಡು ಸ್ಟೇಷನ್ ದಾಟಿದೊಡನೆ ದಯವಿಟ್ಟು ಹಿಂದಿರುಗುವುದು, ನಮ್ಮಂಥವರು ಯೋಚಿಸಿ ಇಳಿಯಲು ಅನುಕೂಲವಾಗುವಂತೆ ದಿನವೂ ಸ್ವಲ್ಪ ತಡವಾಗಿ ಓಡುವುದು, ಸಾಧ್ಯವಾದರೆ ಆಲ್ಪ್ಸ್ ಪರ್ವತವನ್ನು ನಮ್ಮ ಕಡೆಯ ಕಸಾರಾ ಘಾಟಿಗೆ ಜೋಡಿಸಿಕೊಂಡು ಡೊಂಬಿವಲಿಯವರೆಗೂ ಬರುವುದು. ತಪ್ಪು ನನ್ನೊಬ್ಬನದಲ್ಲವೆಂದು ಸತ್ಯಭಾಮಾಳ ಹೆಸರಿಗೆ ಒಂದು ಸರ್ಟಿಫಿಕೇಟನ್ನೂ ಕಳಿಸಿದರೆ ಈ ಮನೆಯಲ್ಲಿ ನನಗೆ ಮತ್ತೆ ಬಾಯಿ ಬಂದೀತು.

ಇಂತಿ, ತಪ್ಪು ದಿಕ್ಕಿನಲ್ಲಿಯೂ ತಮ್ಮ ವಿಶ್ವಾಸಿಯಾಗಿಯೇ ಇದ್ದ
ಮಧ್ವರಾಜ

ತಾ.ಕ.: ಮಿಲಾನಿಗೆ ವಿಮಾನದಲ್ಲೇ ಹೋದೆವು. ಅದು ಮೇಲೇರುತ್ತ ಗಡಗಡ ಅಲುಗಾಡಿದಾಗ ಸತ್ಯಭಾಮಾ ಕಣ್ಣು ಮುಚ್ಚಿ ನನ್ನ ಕೈ ಹಿಡಿದವಳು ಇಳಿಯುವವರೆಗೂ ಬಿಡಲಿಲ್ಲ. ಒಂದು ಮೋಡವನ್ನೂ ನೋಡಲಿಲ್ಲ. ಹೆದರಿಕೊಳ್ಳಬೇಕಾದ ನಾನೇ ಹೆದರಿಕೊಳ್ಳುವುದನ್ನು ಮರೆತೆ. ತಮ್ಮ ನುಣುಪು ಓಟದಲ್ಲಿ ಯಾರೂ ಯಾರನ್ನೂ ಹಿಡಿದುಕೊಳ್ಳುವ ಪ್ರಸಂಗವೇ ಬರುವುದಿಲ್ಲ, ಈ ಕೊರತೆಯ ಕಡೆ ಗಮನ ಹರಿಸಬೇಕು. ಮುಂದಿನ ಸಲಕ್ಕೂ ವಿಮಾನವೇ ಎಂದು ನಾನೇ ಮಗಳಿಗೆ ಹೇಳಿಬಿಟ್ಟಿದ್ದೇನೆ.